ಬೈಕ್ ಎಂಜಿನ್‌ನಲ್ಲಿ ಥ್ರೆಡ್ ಹೋದರೆ: ಮನೆಯಲ್ಲೇ ಆಗುವ ರಿಪೇರಿ, ಲೇಥ್ ಅಂಗಡಿಗೇ ಹೋಗಬೇಕಾದ ರಿಪೇರಿ

ಬೋಲ್ಟ್ ಬಿಗಿಯಾಯಿತು ಅನ್ನಿಸಿದ ಮೇಲೂ ‘ಇರಲಿ, ಇನ್ನೊಂದೆಳೆತ’ ಅಂತ ಪಾನಾ ಎಳೆದಾಗ ಕೈ ಒಮ್ಮೆಲೇ ಹಗುರಾಗುತ್ತದೆ. ಬೋಲ್ಟ್ ತಿರುಗುತ್ತದೆ, ಹಿಡಿಯುವುದಿಲ್ಲ. ಬಿಚ್ಚಿ ನೋಡಿದರೆ ಅದರ ಮೈಗೆ ಹೊಳೆಯುವ ಸಣ್ಣ ತಂತಿಯಂಥದ್ದು ಸುತ್ತಿಕೊಂಡಿರುತ್ತದೆ. ಎಂಜಿನ್ ತೂತಿನೊಳಗೆ ಬೋಲ್ಟನ್ನು ಹಿಡಿಯುವ ಸುರುಳಿ ಗೆರೆ, ಅಂದರೆ ಥ್ರೆಡ್ಡೇ ಅದು. ಬೋಲ್ಟ್ ಉಕ್ಕಿನದು, ಎಂಜಿನ್ ಕೇಸ್ ಅಲ್ಯೂಮಿನಿಯಂನದು. ಇವೆರಡರ ಜಗಳದಲ್ಲಿ ಸೋಲುವುದು ಯಾವಾಗಲೂ ಅಲ್ಯೂಮಿನಿಯಮ್ಮೇ. ಹಾಗಾಗಿ ಹೊಸ ಬೋಲ್ಟ್ ತಂದು ಹಾಕಿ ಪ್ರಯೋಜನವಿಲ್ಲ, ತೂತನ್ನೇ ಸರಿಮಾಡಬೇಕು.

ಸ್ಪ್ಲೆಂಡರ್, ಪ್ಲಾಟಿನಾ, ಶೈನ್, ಎಕ್ಸ್‌ಎಲ್ 100 ಥರದ ಸಣ್ಣ ಎಂಜಿನ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ನಮ್ಮ ದಾವಣಗೆರೆ–ಚಿತ್ರದುರ್ಗದ ಕಡೆ ಹೊಲಕ್ಕೂ ಸಂತೆಗೂ ಓಡುವುದು ಇವೇ. ಭದ್ರಾ ನಾಲೆಯ ಕೆಸರು ಎಂಜಿನ್ ತಳಕ್ಕೆ ಮೆತ್ತಿ ಒಣಗಿರುತ್ತದೆ, ಜಗಳೂರು–ಚಳ್ಳಕೆರೆ ದಾರಿಯ ಧೂಳು ಬೋಲ್ಟ್ ತಲೆಯ ಸುತ್ತ ಗಟ್ಟಿಯಾಗಿ ಕೂತಿರುತ್ತದೆ. ಆ ಮಣ್ಣನ್ನು ಉಜ್ಜಿ ತೆಗೆಯದೆ ಬೋಲ್ಟ್ ಬಿಚ್ಚಿ ಹಾಕಿದರೆ ಮರಳಿನ ಕಣ ಥ್ರೆಡ್ ಒಳಗೆ ಹೋಗಿ ಅರದ ಕೆಲಸ ಮಾಡುತ್ತದೆ. ಆಯಿಲ್ ಬದಲಿಸುವ ಮುಂಚೆ ತಂತಿ ಬ್ರಷ್ ಆಡಿಸುವವರು ನೂರಕ್ಕೆ ಎಷ್ಟು ಮಂದಿಯೋ!

ಮೊದಲು ರೋಗ ಯಾವುದು ನೋಡಿ

ಥ್ರೆಡ್ ಪೂರ್ತಿ ಹೋಗಿದೆಯೋ ಮೇಲ್ಭಾಗ ಮಾತ್ರ ಹೋಗಿದೆಯೋ ಎಂಬುದು ಮೊದಲ ಪ್ರಶ್ನೆ. ಎಂಜಿನ್‌ನ ಪಕ್ಕದ ಮುಚ್ಚಳಗಳಾದ ಕ್ಲಚ್ ಕವರ್, ಮ್ಯಾಗ್ನೆಟ್ ಕವರ್‌ಗಳಲ್ಲಿ ಬೋಲ್ಟ್‌ಗಳು ಒಂದೇ ಉದ್ದ ಇರುವುದಿಲ್ಲ. ಬಿಚ್ಚುವಾಗ ಎಲ್ಲವನ್ನೂ ಒಂದೇ ಡಬ್ಬಿಗೆ ಹಾಕಿ, ಜೋಡಿಸುವಾಗ ಉದ್ದದ ಜಾಗಕ್ಕೆ ಗಿಡ್ಡ ಬೋಲ್ಟ್ ಹಾಕಿದರೆ ಅದು ಮೂರು ನಾಲ್ಕು ಸುತ್ತು ಮಾತ್ರ ಹಿಡಿದಿರುತ್ತದೆ. ಅಷ್ಟು ಸುತ್ತು ಬಿಗಿತ ತಡೆಯುವುದಿಲ್ಲ, ಕಿತ್ತು ಬರುತ್ತದೆ. ನಾನು ನೋಡಿದ ಥ್ರೆಡ್ ಹೋದ ಪ್ರಸಂಗಗಳಲ್ಲಿ ಈ ಜಾತಿಯವೇ ಹೆಚ್ಚು.

ಪರೀಕ್ಷೆಗೆ ಪೊರಕೆ ಕಡ್ಡಿ ಸಾಕು. ಕಡ್ಡಿಯನ್ನು ತೂತಿನ ತಳದವರೆಗೆ ಇಳಿಸಿ, ಬಾಯಿಯ ಹತ್ತಿರ ಉಗುರಿನಿಂದ ಗುರುತು ಮಾಡಿ, ತೆಗೆದು ಅಳೆಯಿರಿ. ಬೋಲ್ಟ್ ಕವರ್‌ನಿಂದ ಎಷ್ಟು ಹೊರಗೆ ಚಾಚುತ್ತದೆ ಅಂತಲೂ ಅಳೆಯಿರಿ. ತೂತು 20 ಎಂಎಂ ಆಳವಿದ್ದು ಬೋಲ್ಟ್ 8 ಎಂಎಂ ಮಾತ್ರ ಒಳಗೆ ಹೋಗುತ್ತಿದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ, ಕೆಳಗೆ ಒಳ್ಳೆಯ ಥ್ರೆಡ್ ಇನ್ನೂ ಉಳಿದಿದೆ. ಟಾರ್ಚ್ ಬಿಟ್ಟು ಖಾತ್ರಿ ಮಾಡಿಕೊಂಡು 10 ಎಂಎಂ ಉದ್ದ ಹೆಚ್ಚಿರುವ ಬೋಲ್ಟ್ ತನ್ನಿ, ಕೆಲಸ ಮುಗಿಯಿತು. ಆದರೆ ಉದ್ದದ ಬೋಲ್ಟ್ ತಳಕ್ಕೆ ತಾಗಬಾರದು. ತಾಗಿದರೆ ಪಾನಾಕ್ಕೆ ಬಿಗಿ ಬಂದಂತೆ ಅನ್ನಿಸುತ್ತದೆ, ಕವರ್ ಮಾತ್ರ ಸಡಿಲವೇ ಇರುತ್ತದೆ. ತಳದಲ್ಲಿ 2 ಎಂಎಂ ಖಾಲಿ ಬಿಡಿ.

ಉಕ್ಕಿನ ಬೋಲ್ಟ್ ಅಲ್ಯೂಮಿನಿಯಂನಲ್ಲಿ ಭದ್ರವಾಗಿ ನಿಲ್ಲಬೇಕಾದರೆ ಅದರ ದಪ್ಪದ ಒಂದೂವರೆಯಿಂದ ಎರಡು ಪಟ್ಟು ಆಳ ಹಿಡಿದಿರಬೇಕು. 6 ಎಂಎಂ ಬೋಲ್ಟ್‌ಗೆ 9ರಿಂದ 12 ಎಂಎಂ. ಈ ಲೆಕ್ಕ ಮುಂದೆಯೂ ಬೇಕಾಗುತ್ತದೆ.

ಅಂಗಡಿಯಲ್ಲಿ ಕೇಳುವಾಗ ಒಂದು ಗೊಂದಲ ಮಾಮೂಲು. ‘10 ನಂಬರ್ ಬೋಲ್ಟ್ ಕೊಡಿ’ ಅಂದರೆ ಕೆಲವರು ತಲೆಯ ಅಳತೆ ತಿಳಿಯುತ್ತಾರೆ, ಕೆಲವರು ಥ್ರೆಡ್ ಅಳತೆ. 8 ಅಥವಾ 10 ನಂಬರ್ ಪಾನಾ ಕೂರುವ ಕವರ್ ಬೋಲ್ಟ್‌ನ ಥ್ರೆಡ್ 6 ಎಂಎಂ, ಪಿಚ್ (ಥ್ರೆಡ್‌ನ ಒಂದು ಸುತ್ತಿನಿಂದ ಮುಂದಿನ ಸುತ್ತಿಗಿರುವ ಅಂತರ) 1 ಎಂಎಂ. ಅಂದರೆ ಎಂ6. ಹಳೇ ಬೋಲ್ಟನ್ನು ಕೈಯಲ್ಲಿ ಹಿಡಿದೇ ಹೋಗಿ.

ಗ್ಯಾರೇಜ್ ಉಪಾಯಗಳ ಬಗ್ಗೆ ಎರಡು ಮಾತು

ತಾಮ್ರದ ವೈರ್‌ನ ಒಂದು ಎಳೆಯನ್ನು ತೂತಿಗೆ ಬಿಟ್ಟು ಬೋಲ್ಟ್ ತಿರುಗಿಸುವುದು, ಬೋಲ್ಟ್‌ಗೆ ಟೆಫ್ಲಾನ್ ಟೇಪ್ ಸುತ್ತುವುದು, ಎಂ-ಸೀಲ್ ಮೆತ್ತುವುದು. ಇವೆಲ್ಲ ಊರು ಮುಟ್ಟಿಸುವ ಉಪಾಯಗಳು. ದಾರಿಯಲ್ಲಿ ಸಿಕ್ಕಿಬಿದ್ದಾಗ ಮಾಡಿ, ತಪ್ಪಿಲ್ಲ. ತಾಮ್ರದ ಎಳೆ ಒಂದು ಸಲ ಚೆನ್ನಾಗಿಯೇ ಹಿಡಿಯುತ್ತದೆ, ಮುಂದಿನ ಸಲ ಬಿಚ್ಚಿದಾಗ ಉಳಿದ ಚೂರು ಥ್ರೆಡ್ಡನ್ನೂ ಕಿತ್ತುಕೊಂಡು ಬರುತ್ತದೆ. ಎಂಜಿನ್ ತಳದಲ್ಲಿ ಹಳೇ ಆಯಿಲ್ ಇಳಿಸುವ ಡ್ರೇನ್ ಬೋಲ್ಟ್‌ಗೆ ಎಂ-ಸೀಲ್ ಮೆತ್ತಿದ ಗಾಡಿಯನ್ನು ಆಮೇಲೆ ರಿಪೇರಿ ಮಾಡುವವನ ಪಾಡು ಕೇಳಬೇಡಿ.

6 ಎಂಎಂ ತೂತನ್ನು ದೊಡ್ಡದು ಮಾಡಿ 8 ಎಂಎಂ ಬೋಲ್ಟ್ ಹಾಕುವ ಪದ್ಧತಿಯೂ ಇದೆ. ನನಗಿದು ಒಪ್ಪಿಗೆಯಿಲ್ಲ. ಕೇಸ್‌ನ ತೂತಿನ ಸುತ್ತ ಇರುವ ಲೋಹವೇ ಕಡಿಮೆ. ಕವರ್‌ನ ತೂತನ್ನೂ ಹಿಗ್ಗಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಇದು ಇನ್ನೊಮ್ಮೆ ಹೋದರೆ ಮುಂದಿನ ರಿಪೇರಿಗೆ ಲೋಹವೇ ಉಳಿದಿರುವುದಿಲ್ಲ.

ಹೆಲಿಕಾಯಿಲ್: ಎಂ6 ತೂತಿಗೆ ಮನೆಮದ್ದು

ಸ್ಟೇನ್‌ಲೆಸ್ ಸ್ಟೀಲ್ ತಂತಿಯನ್ನು ಬಾಲ್ ಪೆನ್ನಿನ ಸ್ಪ್ರಿಂಗ್ ಹಾಗೆ ಸುತ್ತಿ ಮಾಡಿದ ಸುರುಳಿ ಇದು. ತಂತಿಯ ಅಡ್ಡಕೊಯ್ತ ವಜ್ರಾಕಾರ, ಹೊರಮೈಯೂ ಥ್ರೆಡ್, ಒಳಮೈಯೂ ಥ್ರೆಡ್. ತೂತನ್ನು ಕೊಂಚ ದೊಡ್ಡದು ಮಾಡಿ, ಹೊಸ ಥ್ರೆಡ್ ಕೊಯ್ದು, ಸುರುಳಿಯನ್ನು ಅದರೊಳಗೆ ಕೂರಿಸಿದರೆ ಹಳೇ ಅಳತೆಯ ಬೋಲ್ಟೇ ಮತ್ತೆ ಕೂರುತ್ತದೆ. ಬೋಲ್ಟ್ ಈಗ ಉಜ್ಜಾಡುವುದು ಉಕ್ಕಿನ ಮೇಲೆ. ಅಲ್ಯೂಮಿನಿಯಂಗೆ ಬೀಳುವ ಭಾರ ಮೊದಲಿಗಿಂತ ದೊಡ್ಡ ಸುತ್ತಿನಲ್ಲಿ ಹಂಚಿಹೋಗುತ್ತದೆ. ಸರಿಯಾಗಿ ಮಾಡಿದರೆ ಕಂಪನಿಯ ಥ್ರೆಡ್‌ಗಿಂತ ಇದೇ ಗಟ್ಟಿ.

ಕಿಟ್‌ನಲ್ಲಿ ತೂತು ಕೊರೆಯುವ ಡ್ರಿಲ್ ಬಿಟ್, ತೂತಿನೊಳಗೆ ಥ್ರೆಡ್ ಕೊಯ್ಯುವ ಟ್ಯಾಪ್, ಸುರುಳಿಗಳು, ಸುರುಳಿ ಇಳಿಸುವ ಕೋಲು ಇರುತ್ತವೆ. ಎಂ6 ಕಿಟ್‌ನಲ್ಲಿ ಬಿಟ್ ಸಾಮಾನ್ಯವಾಗಿ 6.2 ಅಥವಾ 6.3 ಎಂಎಂ, ಎಂ8 ಕಿಟ್‌ನಲ್ಲಿ 8.3 ಅಥವಾ 8.4. ಅದರ ಟ್ಯಾಪ್ ಮಾಮೂಲಿ ಎಂ6 ಟ್ಯಾಪ್ ಅಲ್ಲ, ಎಂ7 ಕೂಡ ಅಲ್ಲ. ಪಿಚ್ 1 ಎಂಎಂ ಆದರೂ ಹೊರ ಅಳತೆ ಸುಮಾರು 7.3 ಎಂಎಂ. ‘ನನ್ನ ಹತ್ತಿರ ಟ್ಯಾಪ್ ಸೆಟ್ ಐತಿ, ಸುರುಳಿ ಮಾತ್ರ ಕೊಡ್ರಿ’ ಅಂದರೆ ಆಗುವುದಿಲ್ಲ, ಕಿಟ್ಟೇ ಬೇಕು. ದಾವಣಗೆರೆಯಲ್ಲಾದರೆ ಪಿ.ಬಿ. ರಸ್ತೆ ಕಡೆಯ ಟೂಲ್ಸ್ ಅಂಗಡಿಗಳಲ್ಲಿ, ದುರ್ಗದಲ್ಲಾದರೆ ಬಿ.ಡಿ. ರಸ್ತೆಯ ಕಡೆ ವಿಚಾರಿಸಿ. ಸಿಗದಿದ್ದರೆ ಆನ್‌ಲೈನ್ ಇದ್ದೇ ಇದೆ. ಎಲ್ಲ ಸೈಜಿನ ದೊಡ್ಡ ಪೆಟ್ಟಿಗೆ ಕೊಳ್ಳುವ ಬದಲು ಎಂ6 ಒಂದೇ ಸೈಜಿನ ಒಳ್ಳೆಯ ಕಿಟ್ ಕೊಳ್ಳಿ. ಸಣ್ಣ ಬೈಕ್‌ನಲ್ಲಿ ಹೋಗುವ ಥ್ರೆಡ್‌ಗಳಲ್ಲಿ ಬಹುಪಾಲು ಅದೇ.

ಈ ಕೆಲಸ ಗೆಲ್ಲುವುದೂ ಸೋಲುವುದೂ ಎರಡೇ ಕಡೆ. ತೂತು ನೆಟ್ಟಗೆ ಬರಬೇಕು. ಲೋಹದ ಪುಡಿ ಎಂಜಿನ್ ಒಳಗೆ ಹೋಗಬಾರದು. ಉಳಿದದ್ದೆಲ್ಲ ಕಿಟ್ ನೋಡಿಕೊಳ್ಳುತ್ತದೆ.

ತೂತು ನೆಟ್ಟಗೆ ಬರಲು ಒಂದು ಸುಲಭದ ದಾರಿ ಇದೆ. ಕವರನ್ನು ಹಳೇ ಪ್ಯಾಕಿಂಗ್ (ಎಣ್ಣೆ ಸೋರದಂತೆ ನಡುವೆ ಇಡುವ ತೆಳು ಹಾಳೆ) ಸಮೇತ ಅದರ ಜಾಗದಲ್ಲೇ ಇಟ್ಟು ಉಳಿದ ಬೋಲ್ಟ್‌ಗಳಿಂದ ಹಗುರವಾಗಿ ಬಿಗಿ ಮಾಡಿ. ಕವರ್‌ನ ತೂತು 6 ಎಂಎಂಗಿಂತ ಸ್ವಲ್ಪ ದೊಡ್ಡದಿರುವುದರಿಂದ ಕಿಟ್‌ನ ಬಿಟ್ ಬಹಳ ಕಡೆ ಅದರೊಳಗೆ ಸಲೀಸಾಗಿ ಇಳಿಯುತ್ತದೆ. ಆಗ ಕವರೇ ಬಿಟ್‌ಗೆ ದಾರಿ ತೋರಿಸುತ್ತದೆ, ಅತ್ತಿತ್ತ ವಾಲಲು ಬಿಡುವುದಿಲ್ಲ. ಪುಡಿಯೂ ಒಳಗೆ ಹೋಗುವುದಿಲ್ಲ. ಬಿಟ್ ಕವರ್ ತೂತಿಗೆ ಬಿಗಿಯಾದರೆ ಮಾತ್ರ ಈ ದಾರಿ ಬಿಟ್ಟುಬಿಡಿ, ಕವರ್ ಹಾಳು ಮಾಡಿಕೊಳ್ಳಬೇಡಿ. ಆಗ ಕವರ್ ತೆಗೆದು, ಗೇರ್ ಕ್ಲಚ್ ಕಾಣುವ ಬಾಯಿಗೆಲ್ಲ ಹಳೇ ಪಂಚೆ ಬಟ್ಟೆ ತುರುಕಿ, ಅದರ ಮೇಲೆ ಅಗಲದ ಟೇಪ್ ಅಂಟಿಸಿ. ಟವೆಲ್ ಬೇಡ, ನೂಲು ಬಿಡುತ್ತದೆ. ಎಷ್ಟು ತುಂಡು ತುರುಕಿದಿರಿ ಅಂತ ಎಣಿಸಿಟ್ಟುಕೊಳ್ಳಿ, ಅಷ್ಟೂ ವಾಪಸ್ ಬರಬೇಕು.

ಕೊರೆಯುವ ಮುಂಚೆ ಬಿಟ್ ಮೇಲೆ ಆಳದ ಗುರುತಿಗೆ ಟೇಪ್ ಸುತ್ತಿ. ಪೊರಕೆ ಕಡ್ಡಿಯ ಅಳತೆ ಕೈಯಲ್ಲಿದೆಯಲ್ಲ, ಹಳೇ ತೂತಿನ ತಳ ದಾಟುವುದು ಬೇಡ. ಕವರ್ ಮೂಲಕ ಕೊರೆಯುವುದಾದರೆ ಕವರ್ ದಪ್ಪವನ್ನೂ ಸೇರಿಸಿ. ಬಿಟ್ ತುದಿಗೆ ಗ್ರೀಸ್ ಮೆತ್ತಿ, ಪುಡಿ ಅದಕ್ಕೇ ಅಂಟಿಕೊಂಡು ಹೊರಗೆ ಬರುತ್ತದೆ. ಮಷಿನ್ ಇದ್ದರೆ ನಿಧಾನದ ಸ್ಪೀಡ್‌ನಲ್ಲಿ ಓಡಿಸಿ. ತೆಗೆಯಬೇಕಾದ ಲೋಹ ಸುತ್ತಲೂ ಅರ್ಧ ಎಂಎಂಗಿಂತ ಹೆಚ್ಚೇನಲ್ಲ. ಜೋರು ಓಡಿಸಿದರೆ ಬಿಟ್ ಕಚ್ಚಿಕೊಂಡು ತಾನೇ ಒಳಗೆ ಎಳೆದುಕೊಳ್ಳುತ್ತದೆ. ಮಷಿನ್ ಇಲ್ಲವೇ? ಬಿಟ್‌ನ ಹಿಂಬದಿಯನ್ನು ಟ್ಯಾಪ್ ಹ್ಯಾಂಡಲ್‌ಗೆ ಸಿಕ್ಕಿಸಿ ಕೈಯಲ್ಲೇ ತಿರುಗಿಸಿ. ಅಲ್ಯೂಮಿನಿಯಂ ಮೆತ್ತಗಿನ ಲೋಹ, ಈ ಅಳತೆಗೆ ಕೈ ಸಾಕು. ನಿಜ ಹೇಳಬೇಕೆಂದರೆ ಹೊಸಬರಿಗೆ ಕೈಯೇ ಮೇಲು.

ಆಮೇಲೆ ಕವರ್ ತೆಗೆದು, ಬಾಯಿಗೆಲ್ಲ ಮೇಲೆ ಹೇಳಿದ ಹಾಗೆ ಬಟ್ಟೆ ತುರುಕಿ, ಟ್ಯಾಪ್ ಹಾಕುವುದು. ಟ್ಯಾಪ್‌ಗೂ ತೂತಿಗೂ ಸೀಮೆಎಣ್ಣೆ ಬಿಡಿ, ಅಲ್ಯೂಮಿನಿಯಂ ಕೊಯ್ಯಲು ಅದು ಒಳ್ಳೆಯ ಎಣ್ಣೆ. ಇಲ್ಲದಿದ್ದರೆ ಡೀಸೆಲ್ ಆದೀತು. ಟ್ಯಾಪನ್ನು ಎರಡು ಸುತ್ತು ಇಳಿಸಿ ನಿಲ್ಲಿಸಿ, ಮೂಲೆಮಟ್ಟ ಹಿಡಿದು ಎದುರಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ ನೋಡಿ. ವಾಲಿದ್ದರೆ ತಿದ್ದಲು ಇದೇ ಕೊನೆಯ ಅವಕಾಶ. ನಾಲ್ಕನೇ ಸುತ್ತಿನ ಮೇಲೆ ತಿದ್ದಲು ಹೋದರೆ ಟ್ಯಾಪ್ ಮುರಿಯುತ್ತದೆ. ಟ್ಯಾಪ್ ಮಾಮೂಲಿ ಉಕ್ಕಿಗಿಂತ ಗಡಸು, ಮುರಿದರೆ ಅದನ್ನು ಡ್ರಿಲ್ ಮಾಡಿ ತೆಗೆಯಲಾಗುವುದಿಲ್ಲ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಹಿಂದೆ ತಿರುಗಿಸಿದಾಗ ಸಣ್ಣಗೆ ಕಟ್ ಅಂದಂತೆ ಕೈಗೆ ಗೊತ್ತಾಗುತ್ತದೆ, ಲೋಹದ ಸುರುಳಿ ತುಂಡಾದ ಲಕ್ಷಣ ಅದು. ಬಿಗಿ ಬಂತೋ, ಪೂರ್ತಿ ಹೊರತೆಗೆದು ಒರೆಸಿ ಮತ್ತೆ ಹಾಕಿ. ಅವಸರದವರಿಗೆ ಈ ಕೆಲಸ ಹೇಳಿದ್ದಲ್ಲ.

ತೂತು ತೊಳೆಯುವುದನ್ನು ಅರೆಮನಸ್ಸಿನಿಂದ ಮಾಡಬೇಡಿ. ಸಿರಿಂಜ್‌ನಲ್ಲಿ ಪೆಟ್ರೋಲ್ ಅಥವಾ ಬ್ರೇಕ್ ಕ್ಲೀನರ್ ತೆಗೆದುಕೊಂಡು ತೂತಿಗೆ ಹಾಯಿಸಿ, ಗಾಳಿ ಊದಿ. ಕನ್ನಡಕ ಹಾಕಿಕೊಳ್ಳಿ. ಕುರುಡು ತೂತಿನಿಂದ (ತಳ ಮುಚ್ಚಿದ ತೂತಿನಿಂದ) ಪುಡಿ ನೇರ ಕಣ್ಣಿಗೇ ಚಿಮ್ಮುತ್ತದೆ. ಎಂಜಿನ್ ತಣ್ಣಗಿರಲಿ, ಬೀಡಿ ಹಚ್ಚುವವರು ದೂರವಿರಲಿ. ತೂತಿನ ತಳದಲ್ಲಿ ಎಣ್ಣೆಯೋ ಪೆಟ್ರೋಲೋ ನಿಂತಿರುವಾಗ ಬೋಲ್ಟ್ ಬಿಗಿ ಮಾಡಿದರೆ ಅದು ಹೋಗಲು ಜಾಗವಿಲ್ಲದೆ ಕೇಸನ್ನೇ ಬಿರಿಯುವಂತೆ ಮಾಡಬಲ್ಲದು. ಒಳಗೆ ಇಯರ್ ಬಡ್ ಆಡಿಸಿ ಒಣಗಿಸಿ.

ಈಗ ಸುರುಳಿ. ಅದರ ಕೆಳತುದಿಯಲ್ಲಿ ಅಡ್ಡಕ್ಕೆ ಬಾಗಿದ ಸಣ್ಣ ನಾಲಿಗೆ ಇರುತ್ತದೆ. ಕೋಲಿನ ಸೀಳು ಆ ನಾಲಿಗೆಯನ್ನು ಹಿಡಿದುಕೊಳ್ಳಬೇಕು. ತಿರುಗಿಸಿ, ಒತ್ತಬೇಡಿ. ಒತ್ತಿದರೆ ಸುರುಳಿ ಒಂದು ಥ್ರೆಡ್ ಹಾರಿ ಮುಂದಿನದಕ್ಕೆ ಬೀಳುತ್ತದೆ. ಹಾಗಾದರೆ ಚೂಪು ಮೂಗಿನ ಇಕ್ಕಳದಲ್ಲಿ ಎಳೆದು ತೆಗೆದು ಹೊಸ ಸುರುಳಿ ಹಾಕಿ, ಹಳೆಯದನ್ನು ಮತ್ತೆ ಬಳಸಬೇಡಿ. ಸುರುಳಿಯ ಮೇಲಿನ ತುದಿ ಕೇಸ್‌ನ ಮೈಗಿಂತ ಕಾಲರಿಂದ ಅರ್ಧ ಸುತ್ತು ಒಳಗೆ ನಿಲ್ಲಬೇಕು. ಕವರನ್ನು ಸರಿಯಾದ ಜಾಗದಲ್ಲಿ ಕೂರಿಸುವ ಡವೆಲ್ ಪಿನ್ ಇರುವ ತೂತಾದರೆ ಲೆಕ್ಕ ಬೇರೆ. ಅಲ್ಲಿ ಬಾಯಿ ಅಗಲವಾಗಿರುತ್ತದೆ, ಸುರುಳಿ ಆ ಅಗಲದ ಭಾಗ ಮುಗಿದ ಮೇಲೆ ಶುರುವಾಗಬೇಕು, ಇಲ್ಲದಿದ್ದರೆ ಪಿನ್ ಕೂರುವುದಿಲ್ಲ. ಉದ್ದ ಎಷ್ಟಿರಬೇಕು? ಎಂ6ಕ್ಕೆ 9 ಎಂಎಂ, ಆಳವಿದ್ದರೆ 12. ಆಗಲೇ ಹೇಳಿದ ಒಂದೂವರೆ–ಎರಡು ಪಟ್ಟಿನ ಲೆಕ್ಕವೇ.

ನಾಲಿಗೆ ಮುರಿಯಲು ತೆಳು ಪಂಚ್ ಇಟ್ಟು ಒಂದೇ ಚುರುಕು ಏಟು. ಮುರಿದ ಚೂರನ್ನು ಹೊರತೆಗೆಯಿರಿ. ಸ್ಟೇನ್‌ಲೆಸ್ ಆದ್ದರಿಂದ ಮ್ಯಾಗ್ನೆಟ್‌ಗೆ ಸರಿಯಾಗಿ ಅಂಟದು, ಕಡ್ಡಿಯ ತುದಿಗೆ ಗ್ರೀಸ್ ಹಚ್ಚಿ ಎತ್ತಿ. ಬೋಲ್ಟ್‌ನ ತುದಿ ನಾಲಿಗೆಯವರೆಗೆ ಹೋಗುವುದಿಲ್ಲ ಎಂದಾದರೆ ಕುರುಡು ತೂತಿನಲ್ಲಿ ಅದನ್ನು ಹಾಗೇ ಬಿಟ್ಟರೂ ನಡೆಯುತ್ತದೆ.

ಬಿಗಿ ಎಷ್ಟು?

ಎಂ6 ಬೋಲ್ಟ್‌ಗೆ ಸುಮಾರು 10 ನ್ಯೂಟನ್ ಮೀಟರ್. ಬಿಗಿ ಅಳೆದು ತೋರಿಸುವ ಟಾರ್ಕ್ ಪಾನಾ ಇಲ್ಲದವರು ಹೀಗೆ ಅಂದಾಜು ಮಾಡಿ: ಬೋಲ್ಟ್‌ನಿಂದ 10 ಸೆಂಟಿಮೀಟರ್ ದೂರದಲ್ಲಿ ಪಾನಾ ಹಿಡಿದರೆ 10 ಕೆ.ಜಿ. ಭಾರದಷ್ಟು ಎಳೆತ. 20 ಸೆಂಟಿಮೀಟರ್ ದೂರದಲ್ಲಿ ಹಿಡಿದರೆ 5 ಕೆ.ಜಿ. ಮಾತ್ರ. ಉದ್ದ ಹಿಡಿಯ ಟಿ ಪಾನಾದಲ್ಲಿ ಎರಡೂ ಕೈ ಹಾಕಿ ಎಳೆಯುವವರು ಎಷ್ಟು ಬಿಗಿ ಹಾಕುತ್ತಾರೆ ಅಂತ ನೀವೇ ಲೆಕ್ಕ ಹಾಕಿ. ಪ್ಯಾಕಿಂಗ್ ಸೋರುವುದು ಹೆಚ್ಚಾಗಿ ಬಿಗಿ ಸಾಲದೆ ಅಲ್ಲ, ಹಳೇ ಪ್ಯಾಕಿಂಗ್‌ನ ತುಣುಕು ಮೈಮೇಲೆ ಉಳಿದಿರುವುದರಿಂದ. ಅದನ್ನು ಕೆರೆದು ತೆಗೆಯುವ ಬದಲು ಬೋಲ್ಟ್ ಮೇಲೆ ಸಿಟ್ಟು ತೀರಿಸಿಕೊಂಡರೆ ಥ್ರೆಡ್ ಹೋಗದೆ ಇನ್ನೇನಾಗುತ್ತದೆ?

ಎಲ್ಲ ಬೋಲ್ಟ್‌ಗಳನ್ನೂ ಮೊದಲು ಬೆರಳಿನಲ್ಲೇ ತಿರುಗಿಸಿ ಕೂರಿಸಿ, ಆಮೇಲೆ ಎದುರುಬದುರಿನವನ್ನು ಸ್ವಲ್ಪ ಸ್ವಲ್ಪವಾಗಿ ಬಿಗಿ ಮಾಡಿ. ಬೋಲ್ಟ್‌ಗಳ ಉದ್ದ ಅದಲುಬದಲಾಗದಂತೆ ರಟ್ಟಿನ ಮೇಲೆ ಕವರ್‌ನ ಆಕಾರ ಬರೆದು, ಬಿಚ್ಚಿದ ಬೋಲ್ಟನ್ನು ಬಿಚ್ಚಿದ ಜಾಗದಲ್ಲೇ ಚುಚ್ಚಿಡುವ ಅಭ್ಯಾಸ ಮಾಡಿಕೊಳ್ಳಿ.

ಡ್ರೇನ್ ಬೋಲ್ಟ್

ಇದಕ್ಕೆ ಬೇರೆ ನ್ಯಾಯ. ಕವರ್ ಬೋಲ್ಟ್ ವರ್ಷಕ್ಕೊಮ್ಮೆ ಬಿಚ್ಚಿದರೆ ಹೆಚ್ಚು, ಡ್ರೇನ್ ಬೋಲ್ಟ್ ಪ್ರತಿ ಆಯಿಲ್‌ಗೂ ಬಿಚ್ಚುತ್ತದೆ. 17 ನಂಬರ್ ಪಾನಾ ಕೂರುವ, 12 ಎಂಎಂ ದಪ್ಪ, 1.5 ಎಂಎಂ ಪಿಚ್‌ನ ಬೋಲ್ಟ್ ಹಲವು ಸಣ್ಣ ಬೈಕ್‌ಗಳಲ್ಲಿದೆ. ಬಿಗಿ ಸುಮಾರು 25 ನ್ಯೂಟನ್ ಮೀಟರ್, ನಿಮ್ಮ ಗಾಡಿಯ ಪುಸ್ತಕದಲ್ಲಿ ನೋಡಿಕೊಳ್ಳಿ. ಇಲ್ಲಿ ಎಣ್ಣೆ ತಡೆಯುವುದು ಥ್ರೆಡ್ ಅಲ್ಲ, ವಾಷರ್. ಹಳೇ ವಾಷರ್ ಚಪ್ಪಟೆಯಾಗಿ ಸೋರಲು ಶುರುವಾದಾಗ ಹೊಸದು ಹಾಕುವ ಬದಲು ಇನ್ನಷ್ಟು ಬಿಗಿ ಮಾಡುತ್ತಾರೆ. ಒಂದು ವಾಷರ್ ಉಳಿಸಲು ಹೋಗಿ ಕೇಸ್ ಕಳೆದುಕೊಂಡ ಹಾಗೆ.

ಹೆಲಿಕಾಯಿಲ್ ಇಲ್ಲಿಯೂ ನಡೆಯುತ್ತದೆ. ಆದರೆ ಕೊಯ್ದ ಬಾಯಿ ಸುಮಾರು 14 ಎಂಎಂ ಆಗುವುದರಿಂದ ವಾಷರ್ ಅದರಾಚೆಯ ಸಮತಟ್ಟಾದ ಮೈ ಮೇಲೆ ಪೂರ್ತಿ ಕೂರಬೇಕು, ಸುರುಳಿ ಆ ಮೈಗಿಂತ ಒಳಗೇ ಇರಬೇಕು. ಪದೇಪದೇ ಬಿಚ್ಚುವ ಜಾಗಕ್ಕೆ ಗಟ್ಟಿ ಉಕ್ಕಿನ ಬುಷ್ (ಒಳಗೂ ಹೊರಗೂ ಥ್ರೆಡ್ ಇರುವ ಕೊಳವೆ) ಹಾಕಿಸುವುದೇ ನನ್ನ ಆಯ್ಕೆ. ಹೊರಗೆ 16 ಎಂಎಂ ಥ್ರೆಡ್, ಒಳಗೆ ಹಳೇ 12 ಎಂಎಂ ಥ್ರೆಡ್, ಹೊರಮೈಗೆ ಥ್ರೆಡ್ ಸಡಿಲವಾಗದಂತೆ ಹಿಡಿಯುವ ಅಂಟು, ಅಂದರೆ ಥ್ರೆಡ್ ಲಾಕರ್ ಹಚ್ಚಿ ಕೂರಿಸಿದ್ದು. ತೂತಿನ ಸುತ್ತ ಅಷ್ಟು ಲೋಹ ಇದೆಯೋ ಇಲ್ಲವೋ ಮೊದಲು ಅಳೆದು ನೋಡಿ.

ಡ್ರೇನ್ ತೂತಿನ ಕೆಲಸದಲ್ಲಿ ಪುಡಿ ಒಳಗೆ ಹೋಗದಂತೆ ಪೂರ್ತಿ ತಡೆಯಲಾಗದು. ಟ್ಯಾಪ್‌ಗೆ ದಪ್ಪಗೆ ಗ್ರೀಸ್ ಮೆತ್ತಿ, ಗಾಡಿ ಡಬಲ್ ಸ್ಟ್ಯಾಂಡ್ ಮೇಲಿರಲಿ, ಕೆಳಗಿನಿಂದ ಮೇಲಕ್ಕೆ ಕೈಯಲ್ಲೇ ಕೊಯ್ಯಿರಿ. ಮುಗಿದ ಮೇಲೆ ಡ್ರೇನ್ ತೆರೆದೇ ಇಟ್ಟು ಮೇಲಿನಿಂದ ಕಾಲು ಲೀಟರ್ ಹೊಸ ಎಣ್ಣೆ ಸುರಿದು ಹರಿಯಬಿಡಿ. ಬಿಳಿ ತಟ್ಟೆಯಲ್ಲಿ ಹಿಡಿದರೆ ಹೊಳೆಯುವ ಕಣ ಕಾಣುತ್ತವೆ. ಕಣ ನಿಲ್ಲುವವರೆಗೆ ಇನ್ನೊಂದೆರಡು ಸಲ. ಮ್ಯಾಗ್ನೆಟ್ ಇರುವ ಡ್ರೇನ್ ಬೋಲ್ಟ್ ಹಾಕಿದ್ದೇನೆ, ಅದೇ ಹಿಡಿಯುತ್ತದೆ ಅಂತ ನಂಬಿ ಕೂರಬೇಡಿ. ಅಲ್ಯೂಮಿನಿಯಂ ಮ್ಯಾಗ್ನೆಟ್‌ಗೆ ಅಂಟುವುದಿಲ್ಲ.

ಕೈ ಹಾಕಬಾರದ ಜಾಗಗಳು

ಸ್ಪಾರ್ಕ್ ಪ್ಲಗ್ ಥ್ರೆಡ್ ಹೋದರೆ ಹೆಡ್ (ಸಿಲಿಂಡರ್‌ನ ಮೇಲ್ಮುಚ್ಚಳ) ಬಿಚ್ಚಿಯೇ ರಿಪೇರಿಯಾಗಬೇಕು. ಪುಡಿ ಸಿಲಿಂಡರ್‌ಗೆ ಬಿದ್ದರೆ ಗೋಡೆಗೆ ಗೀರು ಖಚಿತ. ಸುರುಳಿಯೋ ಬುಷ್ಷೋ ಪ್ಲಗ್‌ಗಿಂತ ಉದ್ದವಾಗಿ ಒಳಗೆ ಚಾಚಿದರೆ ಆ ತುದಿ ಕಾದು ಕೆಂಡವಾಗಿ ಪೆಟ್ರೋಲನ್ನು ಹೊತ್ತಿಗೆ ಮುಂಚೆಯೇ ಹೊತ್ತಿಸುತ್ತದೆ. ಸಿಲಿಂಡರ್ ಮತ್ತು ಹೆಡ್ಡನ್ನು ಕೇಸ್‌ಗೆ ಹಿಡಿದಿಡುವ ಉದ್ದ ಕಂಬಿಗಳು, ಅಂದರೆ ಸಿಲಿಂಡರ್ ಸ್ಟಡ್‌ಗಳೂ ಹಾಗೆಯೇ. ನಾಲ್ಕೂ ಒಂದಕ್ಕೊಂದು ನೇರ ನಿಲ್ಲಬೇಕು, ಒಂದು ಕೂದಲಷ್ಟು ವಾಲಿದರೂ ಹೆಡ್ ಕೂರುವುದಿಲ್ಲ. ಕೇಸ್ ಬಿರಿದಿದ್ದರೆ ಆರ್ಗಾನ್ ವೆಲ್ಡಿಂಗ್ ಮಾಡಿಸಿ ಹೊಸದಾಗಿ ತೂತು ಕೊರೆಸಬೇಕು. ಇವೆಲ್ಲ ಲೇಥ್ (ಲೋಹವನ್ನು ತಿರುಗಿಸಿ ಕಡೆಯುವ ಯಂತ್ರ) ಇರುವ ಅಂಗಡಿಯ ಕೆಲಸ.

ಆ ವಿಷಯದಲ್ಲಿ ನಮ್ಮ ಸೀಮೆಗೆ ಬಡತನವಿಲ್ಲ. ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ 1941ರಲ್ಲೇ ಶುರುವಾಗಿ ಲೇಥ್‌ಗಳನ್ನೇ ತಯಾರಿಸುತ್ತಿತ್ತು. ಹರಿಹರ–ದಾವಣಗೆರೆಯಲ್ಲಿ ಲೇಥ್ ಕೆಲಸ ಬಲ್ಲ ಒಳ್ಳೆಯ ಟರ್ನರ್ ಹುಡುಕುವುದು ಕಷ್ಟವಲ್ಲ. ಕೆಲಸ ಒಪ್ಪಿಸುವಾಗ ‘ಅಣ್ಣಾ, ಬೋಲ್ಟು ಸುಮ್ನೆ ತಿರುಗ್ತೈತಿ, ನೋಡ್ರಿ’ ಅಂದರೆ ಸಾಲದು. ‘ಒಳಗೆ ಕಂಪನಿ ಬೋಲ್ಟೇ ಕೂರ್ಬೇಕು, ಬುಷ್ ಉಕ್ಕಿಂದು ಹಾಕ್ರಿ, ಹಿತ್ತಾಳೆ ಬ್ಯಾಡ’ ಅಂತ ಬಿಡಿಸಿ ಹೇಳಿ. ಹೊಸ ಬೋಲ್ಟ್, ಹೊಸ ವಾಷರ್ ಜತೆಗೆ ಕೊಟ್ಟು ಬನ್ನಿ, ಅವರು ಅದನ್ನೇ ಹಾಕಿ ನೋಡಿ ಅಳತೆ ತೆಗೆದುಕೊಳ್ಳುತ್ತಾರೆ. ಕೇಸ್ ಒಯ್ಯುವ ಮುಂಚೆ ಎಣ್ಣೆ ಪೂರ್ತಿ ತೊಳೆದಿರಲಿ. ವಾಪಸ್ ತಂದ ಮೇಲೆ ಎಣ್ಣೆ ಹೋಗುವ ಸಣ್ಣ ದಾರಿಗಳಿಗೆಲ್ಲ ಗಾಳಿ ಊದಿ.

ರಿಪೇರಿಯಾದ ಬೋಲ್ಟ್ ಮತ್ತು ಕೇಸ್ ಎರಡಕ್ಕೂ ಸೇರುವಂತೆ ಉಗುರು ಬಣ್ಣದಲ್ಲಿ ಒಂದು ಗೆರೆ ಎಳೆಯಿರಿ. ನೂರು ಕಿಲೋಮೀಟರ್ ಓಡಿಸಿದ ಮೇಲೆ, ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ಬಗ್ಗಿ ನೋಡಿ. ಗೆರೆ ಕೂಡಿಕೊಂಡೇ ಇದ್ದು ಸುತ್ತ ಎಣ್ಣೆಯ ಪಸೆ ಇಲ್ಲದಿದ್ದರೆ ಪಾನಾ ಮುಟ್ಟಬೇಡಿ. ಗೆರೆ ತಪ್ಪಿದ್ದರೆ ಬೋಲ್ಟ್ ಬಿಚ್ಚಿ, ಸುರುಳಿ ಅದರ ಜತೆ ಹೊರಗೆ ಬಂತೋ ನೋಡಿ. ಬಂದಿದ್ದರೆ ಸುರುಳಿ ತೂತಿನಲ್ಲಿ ಸರಿಯಾಗಿ ಹಿಡಿದಿರಲಿಲ್ಲ ಎಂದೇ ಅರ್ಥ. ಆಗ ಅದೇ ತೂತಿಗೆ ಇನ್ನೊಂದು ಸುರುಳಿ ಹಾಕಲು ಹೋಗದೆ ಬುಷ್ ಹಾಕಿಸಿ.